ಎಂಜಿನ್ ಎಣ್ಣೆಯ ಕಡ್ಡಿ ಮತ್ತು ಅದರ ಸಾಕ್ಷ್ಯ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಯವರೆಗೆ ಬಂದು ಕೇಳಿದಾಗ, ಶಾಲೆಯ ಪೂರ್ವೇತಿಹಾಸವನ್ನೋ ಅಗಲಿದ ಸಹೋದ್ಯೋಗಿಗಳ ಸ್ಮರಣೆಯನ್ನೋ ನಾನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಅವೆರಡನ್ನೂ ನನಗಿಂತ ಸಮರ್ಥರಾದವರು ಬರೆಯುವವರಿದ್ದಾರೆ. ಮೂವತ್ತು ವರ್ಷಗಳ ಕಾಲ ಈ ಶಾಲೆಯ ಮಕ್ಕಳಿಗೆ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿದ ನಾನು, ನಿವೃತ್ತನಾದ ಮೇಲೆ ನನ್ನ ಶಿಷ್ಯನೊಬ್ಬನಿಂದಲೇ ಕಲಿತ ಒಂದು ಪಾಠವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ. ಕಾರಿನ ಎಣ್ಣೆಯ ವಿಷಯ ಸ್ಮರಣ ಸಂಚಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಅಂಥವರು ಕಳೆದ ವರ್ಷ ಹಳೆ ವಿದ್ಯಾರ್ಥಿಗಳ ಸಭೆಯ ದಿನ ನಮ್ಮ ಆಟದ ಬಯಲನ್ನು ನೋಡಬೇಕಿತ್ತು. ನಾನು ಹಾಜರಿ ಕರೆಯುತ್ತಿದ್ದ ದಿನಗಳಲ್ಲಿ ಬರಿಗಾಲಿನಲ್ಲಿ ಗದ್ದೆಯ ಬದು ದಾಟಿ ಬರುತ್ತಿದ್ದವರೆಲ್ಲ ಅಂದು ಕಾರುಗಳಲ್ಲಿ ಬಂದಿಳಿದಿದ್ದರು.

ಅಂದು ಮಧ್ಯಾಹ್ನದ ಊಟದ ಬಳಿಕ ಒಬ್ಬಾತ ತನ್ನ ಕಾರಿನ ಬಾನೆಟ್ ಎತ್ತಿ, ಎಣ್ಣೆಯ ಕಡ್ಡಿಯನ್ನು ಹೊರಗೆಳೆದು ನೋಡಿ, "ಆಯಿಲ್ ಕಮ್ಮಿ ಆಗಿದೆ" ಎಂದ. ಪಕ್ಕದಲ್ಲಿದ್ದವನು ಅದೇ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ, "ಸರಿಯೇ ಉಂಟಲ್ಲ!" ಎಂದ. ಮೂರನೆಯವನಿಗೆ ಅದು ಹೆಚ್ಚಾಗಿಯೇ ಕಂಡಿತು. ಕಾರು ಒಂದೇ, ಕಡ್ಡಿ ಒಂದೇ, ಅಂತರ ಹತ್ತು ನಿಮಿಷ. ಮೂವರೂ ನನ್ನ ಶಿಷ್ಯರು, ಮೂವರೂ ಸುಳ್ಳಾಡುವವರಲ್ಲ. ಕೈಪಿಡಿಯನ್ನು ತೆಗೆದು ನೋಡೋಣವೆಂದರೆ ಅದು ಇಂಗ್ಲಿಷಿನಲ್ಲಿದೆ. ವರ್ಕ್‌ಶಾಪಿಗೆ ಹೋಗಿ ಕೇಳೋಣವೆಂದರೆ ಅಲ್ಲಿಯ ಮಾತು ಮಲಯಾಳದಲ್ಲಿ. ನಮ್ಮ ಕಾಸರಗೋಡಿನ ಕನ್ನಡಿಗರಿಗೆ ಇವೆರಡೂ ಸಾಕಷ್ಟು ಬರುತ್ತವೆ, ನಿಜ. ಆದರೂ ಕಾರಣಸಹಿತವಾದ ವಿವರಣೆಯೊಂದು ನಮ್ಮ ಭಾಷೆಯಲ್ಲಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಡ್ಡಿ ಎಂಬುದೇನೆಂದು ತಿಳಿಯೋಣ. ಎಂಜಿನ್ನಿನ ಅಡಿಯಲ್ಲಿ ಒಂದು ತಟ್ಟೆಯಾಕಾರದ ಪಾತ್ರೆಯಿದೆ. ಮೆಕ್ಯಾನಿಕ್ಕುಗಳು ಅದನ್ನು ಚೇಂಬರು ಎನ್ನುತ್ತಾರೆ. ಚಿಕ್ಕ ಕಾರುಗಳಲ್ಲಿ ಅದರೊಳಗೆ ಸುಮಾರು ಮೂರು ಲೀಟರು ಎಣ್ಣೆ ನಿಂತಿರುತ್ತದೆ. ಎಂಜಿನ್ ತಿರುಗುವಾಗ ಒಂದು ಪಂಪು ಅದನ್ನು ಮೇಲಕ್ಕೆ ತಳ್ಳುತ್ತದೆ; ಬೇರಿಂಗುಗಳನ್ನೂ ಸಿಲಿಂಡರಿನ ಗೋಡೆಗಳನ್ನೂ ತೊಯ್ಯಿಸಿ ಎಣ್ಣೆ ಮರಳಿ ಚೇಂಬರಿಗೆ ಇಳಿಯುತ್ತದೆ. ಉದ್ದವಾದ ಒಂದು ಕೊಳವೆಯ ಮೂಲಕ ಈ ಚೇಂಬರಿನ ತಳದವರೆಗೆ ಇಳಿಬಿಟ್ಟ ಲೋಹದ ಪಟ್ಟಿಯೇ ನಮ್ಮ ಕಡ್ಡಿ, ಅಂದರೆ ಡಿಪ್‌ಸ್ಟಿಕ್. ಅದರ ತುದಿಯಲ್ಲಿ ಎರಡು ಗುರುತುಗಳಿವೆ. ಮೇಲಿನದು ಗರಿಷ್ಠ, ಕೆಳಗಿನದು ಕನಿಷ್ಠ. ಈ ಎರಡು ಗುರುತುಗಳ ನಡುವಿನ ಅಂತರ ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರು ಎಣ್ಣೆಗೆ ಸಮ. ಕಡ್ಡಿಯ ಮೇಲೆ ಅಳೆದರೆ ಅದು ಒಂದು ಅಂಗುಲವೂ ಇಲ್ಲದಿರಬಹುದು. ಒಂದು ಲೀಟರು ದ್ರವದ ವ್ಯತ್ಯಾಸವನ್ನು ಹೆಬ್ಬೆರಳಿನ ಅಗಲದಷ್ಟು ಜಾಗದಲ್ಲಿ ಓದಬೇಕಾಗಿದೆ ಎಂಬುದನ್ನು ನೆನಪಿಟ್ಟರೆ, ಅಳತೆಯ ಸಣ್ಣ ತಪ್ಪು ಎಷ್ಟು ದೊಡ್ಡದಾಗಿ ಕಾಣಬಲ್ಲುದೆಂದು ಊಹಿಸಬಹುದು.

ನನ್ನ ಸ್ವಂತ ಅನುಭವಕ್ಕೆ ಬರುತ್ತೇನೆ. 2015ರಲ್ಲಿ, ಮಗನ ಒತ್ತಾಯಕ್ಕೆ ಮಣಿದು, ಒಂದು ಹಳೆಯ ಪೆಟ್ರೋಲ್ ಕಾರನ್ನು ಕೊಂಡೆ. ಹಾಜರಿ ಪುಸ್ತಕ ಬರೆದ ಕೈ ಸುಮ್ಮನಿರುತ್ತದೆಯೇ? ಪ್ರತಿ ಭಾನುವಾರ ಬೆಳಿಗ್ಗೆ ಕಡ್ಡಿಯನ್ನು ನೋಡಿ ನೋಟುಪುಸ್ತಕದಲ್ಲಿ ಗುರುತು ಹಾಕತೊಡಗಿದೆ. ಒಂದು ವಾರ ಮೇಲಿನ ಗುರುತಿನವರೆಗೆ ಎಣ್ಣೆ. ಮರುವಾರ ಕೆಳಗಿನ ಗುರುತಿನ ಬಳಿ. ಗಾಬರಿಯಾಗಿ ಅರ್ಧ ಲೀಟರು ಹೊಯ್ದೆ. ಅದರ ಮುಂದಿನ ವಾರ ಎಣ್ಣೆಯು ಮೇಲಿನ ಗುರುತನ್ನು ಬಹಳ ಮೀರಿ ನಿಂತಿತ್ತು! ಇದೇನು, ಎಂಜಿನ್ ಎಣ್ಣೆಯನ್ನು ಹೆರುತ್ತಿದೆಯೇ ಎಂದು ನನ್ನ ಹೆಂಡತಿ ನಕ್ಕಳು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿನಲ್ಲಿ ಚಿಕ್ಕ ವರ್ಕ್‌ಶಾಪು ನಡೆಸುತ್ತಾನೆ. ಏಳನೆಯ ತರಗತಿಯಲ್ಲಿ ಲೆಕ್ಕದಲ್ಲಿ ಹಿಂದೆ ಬಿದ್ದವನು. ನೋಟುಪುಸ್ತಕವನ್ನು ಅವನಿಗೆ ತೋರಿಸಿದೆ. ಅವನು ಕಾರನ್ನು ಮುಟ್ಟಲೇ ಇಲ್ಲ. "ಮಾಷ್ಟ್ರೇ, ನೀವು ಆಯಿಲ್ ನೋಡುವಾಗ ಗಾಡಿಯ ಮೋರೆ ಯಾವ ಕಡೆಗೆ ಇರುತ್ತದೆ?" ಎಂದು ಕೇಳಿದ.

"ಅದಕ್ಕೂ ಇದಕ್ಕೂ ಏನು ಸಂಬಂಧ ಮಾರಾಯ?" ಎಂದೆ.

"ನಿಮ್ಮ ಅಂಗಳ ಇಳಿಜಾರು ಅಲ್ಲವಾ?" ಎಂದ.

ಮನೆಗೆ ಬಂದು ಅಳೆದೆ. ನಮ್ಮ ಕಡೆಯ ಮನೆಗಳು ಮುರಕಲ್ಲಿನ ಗುಡ್ಡದ ಓರೆಯಲ್ಲಿ ಇರುವಂಥವು. ನನ್ನ ಮನೆಯ ಅಂಗಳ ರಸ್ತೆಯಿಂದ ಮನೆಯ ಕಡೆಗೆ ಆರು ಅಡಿಗೆ ಆರು ಅಂಗುಲ ಇಳಿಯುತ್ತದೆ, ಅಂದರೆ ಹನ್ನೆರಡಕ್ಕೆ ಒಂದು. ನನ್ನ ಕಾರಿನಲ್ಲಿ ಕಡ್ಡಿ ಇಳಿಯುವ ಜಾಗ ಚೇಂಬರಿನ ನಡುವಿನಿಂದ ಸುಮಾರು ನಾಲ್ಕು ಅಂಗುಲ ಮುಂದಕ್ಕಿದೆ. ಎಣ್ಣೆಯ ಮೇಲ್ಮೈ ಯಾವಾಗಲೂ ಕ್ಷಿತಿಜಕ್ಕೆ ಸಮಾನಾಂತರವಾಗಿ ನಿಲ್ಲುವುದರಿಂದ, ಕಾರಿನ ಮೋರೆ ಇಳಿಜಾರಿನ ಕಡೆಗಿದ್ದರೆ ಕಡ್ಡಿಯ ಬಳಿ ಎಣ್ಣೆ ನಾಲ್ಕನ್ನು ಹನ್ನೆರಡರಿಂದ ಭಾಗಿಸಿದಷ್ಟು, ಅಂದರೆ ಅಂಗುಲದ ಮೂರನೆಯ ಒಂದು ಭಾಗ, ಏರಿರುತ್ತದೆ. ಮೋರೆ ರಸ್ತೆಯ ಕಡೆಗಿದ್ದರೆ ಅಷ್ಟೇ ಇಳಿದಿರುತ್ತದೆ. ಎರಡಕ್ಕೂ ನಡುವಣ ವ್ಯತ್ಯಾಸ ಅಂಗುಲದ ಮೂರನೆಯ ಎರಡು ಭಾಗ. ನನ್ನ ಕಡ್ಡಿಯ ಎರಡು ಗುರುತುಗಳ ಅಂತರವಾದರೋ ಮುಕ್ಕಾಲು ಅಂಗುಲ! ಶನಿವಾರ ಸಂಜೆ ಹಿಮ್ಮುಖವಾಗಿ ಒಳಗೆ ತಂದ ವಾರ ಎಣ್ಣೆ ಬರಿದು, ನೇರವಾಗಿ ತಂದ ವಾರ ಎಣ್ಣೆ ತುಂಬು. ಎಣ್ಣೆ ಒಂದು ತೊಟ್ಟೂ ಕದಲಿರಲಿಲ್ಲ. ತ್ರೈರಾಶಿಕವನ್ನು ಮೂವತ್ತು ವರ್ಷ ಕಲಿಸಿದವನಿಗೆ ಇದು ಹೊಳೆಯದೆ, ತ್ರೈರಾಶಿಕ ಬಾರದವನಿಗೆ ಹೊಳೆಯಿತು.

ಹೆಚ್ಚಾಗಿ ಹೊಯ್ದ ಎಣ್ಣೆಯನ್ನು ಅವನು ಕೂಡಲೇ ತೆಗೆಸಿದ. ಕಡಿಮೆಯಿದ್ದರಷ್ಟೇ ಅಪಾಯ, ಹೆಚ್ಚಿದ್ದರೆ ಒಳ್ಳೆಯದೇ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಅದು ತಪ್ಪು. ಎಣ್ಣೆ ಮಿತಿಮೀರಿ ಏರಿದರೆ ತಿರುಗುವ ಕ್ರ್ಯಾಂಕಿಗೆ ತಗಲಿ ಮಜ್ಜಿಗೆ ಕಡೆದಂತೆ ನೊರೆಯೇಳುತ್ತದೆ. ಪಂಪು ಎಣ್ಣೆಯ ಬದಲು ಗಾಳಿ ಬೆರೆತ ನೊರೆಯನ್ನು ಎಳೆಯುತ್ತದೆ. ಒತ್ತಡ ಕುಸಿದು ಬೇರಿಂಗುಗಳು ಸವೆಯುತ್ತವೆ. ಉಳಿದ ಎಣ್ಣೆ ಬ್ರೀದರ್ ಪೈಪಿನ ಮೂಲಕ ಎಂಜಿನ್ನಿನೊಳಗೆ ಹೋಗಿ ಉರಿದು, ಹೊಗೆ ಕೊಳವೆಯಲ್ಲಿರುವ ಬೆಲೆಬಾಳುವ ಪರಿವರ್ತಕವನ್ನೂ ಕೆಡಿಸುತ್ತದೆ.

ನೆಲದ ವಿಷಯ ಇಷ್ಟು. ಸಮತಟ್ಟೆಂದು ಕಾಣುವ ಜಾಗ ನಿಜವಾಗಿಯೂ ಸಮತಟ್ಟೇ ಎಂದು ತಿಳಿಯಲು ರಸಮಟ್ಟ ಬೇಕಾಗಿಲ್ಲ. ಒಂದೇ ಜಾಗದಲ್ಲಿ ಕಾರನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ಎರಡು ಸಲ ನೋಡಿರಿ. ಎರಡೂ ಒಂದೇ ಆದರೆ ನೆಲ ಸರಿಯಾಗಿದೆ. ಬೇರೆಯಾದರೆ ನಿಜವಾದ ಮಟ್ಟ ಹೆಚ್ಚುಕಡಿಮೆ ಎರಡರ ನಡುವಿನಲ್ಲಿದೆ. ತಕ್ಕಡಿಯ ಮೇಲೆ ಸಂಶಯ ಬಂದಾಗ ತೂಕದ ಕಲ್ಲನ್ನೂ ಸಾಮಾನನ್ನೂ ತಟ್ಟೆ ಬದಲಿಸಿ ತೂಗುತ್ತಿದ್ದರಲ್ಲ, ಅದೇ ಉಪಾಯ.

ಇನ್ನು ಸಮಯ. ಎಂಜಿನ್ ನಿಲ್ಲಿಸಿದ ತತ್‌ಕ್ಷಣ ಎಣ್ಣೆಯ ಗಣನೀಯ ಪಾಲು ಇನ್ನೂ ಮೇಲೆಯೇ ಇರುತ್ತದೆ. ಆಗ ನೋಡಿದರೆ ಕಡಿಮೆ ಕಾಣುವುದು ಸಹಜ. ಐದರಿಂದ ಹತ್ತು ನಿಮಿಷ ಬಿಟ್ಟು ನೋಡಬೇಕು. ಆಟದ ಬಯಲಿನಲ್ಲಿ ಮೊದಲನೆಯವನು ಕಂಡದ್ದು ಈ ಕೊರತೆಯನ್ನು. ಅವನು ಆಗಷ್ಟೇ ಐಸ್‌ಕ್ರೀಮ್ ತರಲು ಪೇಟೆಗೆ ಹೋಗಿ ಬಂದಿದ್ದ. ಬಿಸಿ–ತಣ್ಣಗಿನ ಭೇದವೂ ಉಂಟು. ಎಣ್ಣೆ ಪ್ರತಿಯೊಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಗಾತ್ರದ ಸುಮಾರು 0.0007 ಭಾಗದಷ್ಟು ಹಿಗ್ಗುತ್ತದೆ. ಬೆಳಗಿನ 30 ಡಿಗ್ರಿಯ ಮೂರು ಲೀಟರು ಎಣ್ಣೆ 90 ಡಿಗ್ರಿಗೆ ಕಾದಾಗ ಸುಮಾರು 125 ಮಿಲಿಲೀಟರು ಹೆಚ್ಚಾಗಿರುತ್ತದೆ. ಗುರುತುಗಳ ಅಂತರದ ಎಂಟನೆಯ ಒಂದು ಭಾಗವಾಯಿತು. ಕೆಲವು ತಯಾರಕರು ಎಂಜಿನ್ ಬಿಸಿಯಾದ ಮೇಲೆ ನೋಡಲು ಹೇಳುತ್ತಾರೆ, ಕೆಲವರು ತಣ್ಣಗಿರುವಾಗ. ಯಾವುದೇ ಇರಲಿ, ನಿಮ್ಮ ಕಾರಿನ ಕೈಪಿಡಿ ಹೇಳಿದ್ದನ್ನೇ ಪ್ರತಿ ಸಲ ಅನುಸರಿಸಬೇಕು. ಒಂದು ವಾರ ಬಿಸಿಯಲ್ಲಿ, ಒಂದು ವಾರ ತಣ್ಣಗೆ ನೋಡಿ ಹೋಲಿಸುವುದು ಒಬ್ಬ ಹುಡುಗನ ಎತ್ತರವನ್ನು ಒಮ್ಮೆ ಚಪ್ಪಲಿ ಹಾಕಿಸಿ ಒಮ್ಮೆ ತೆಗೆಸಿ ಅಳೆದಂತೆ.

ಮೊದಲ ಸಲ ಎಳೆದ ಕಡ್ಡಿಯನ್ನು ನಂಬಬೇಡಿರಿ. ಓಡುವಾಗ ಎರಚಿದ ಎಣ್ಣೆ ಅದರ ಮೈಗೂ ಕೊಳವೆಯ ಗೋಡೆಗೂ ಅಂಟಿರುತ್ತದೆ. ಇಷ್ಟೇ ಅಲ್ಲ, ಕಡ್ಡಿಯ ಹಿಡಿಕೆಯ ಬಳಿಯ ರಬ್ಬರಿನ ಬಳೆ ಕೊಳವೆಯ ಬಾಯಿಯನ್ನು ಬಿಗಿಯಾಗಿ ಮುಚ್ಚುವುದರಿಂದ ಕೆಲವು ಎಂಜಿನ್ನುಗಳಲ್ಲಿ ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡು, ಅಲ್ಲಿಯ ಎಣ್ಣೆ ಚೇಂಬರಿನ ಎಣ್ಣೆಗಿಂತ ಬೇರೆ ಎತ್ತರದಲ್ಲಿ ನಿಂತಿರುತ್ತದೆ. ಆದುದರಿಂದ ಕಡ್ಡಿಯನ್ನು ಹೊರಗೆಳೆದು, ನೂಲು ಬಿಡದ ಶುದ್ಧವಾದ ಬಟ್ಟೆಯಿಂದ ಒರೆಸಿ, ಒಂದು ನಿಮಿಷ ಕೊಳವೆಯ ಬಾಯಿ ತೆರೆದಿಟ್ಟು, ಆಮೇಲೆ ಪೂರ್ತಿ ಒಳಗೆ ಕೂರಿಸಿ ಎಳೆಯಬೇಕು. ಕಡ್ಡಿಯ ಎರಡೂ ಮುಖಗಳನ್ನು ನೋಡಬೇಕು. ಒಂದು ಮುಖದಲ್ಲಿ ಎಣ್ಣೆ ಮೇಲಕ್ಕೆ ಬಳಿದುಕೊಂಡಿದ್ದರೆ ಇನ್ನೊಂದು ಮುಖದ ಕೆಳಗಿನ ಅಂಚೇ ಸರಿಯಾದುದು. ಕೆಳಗಿನಿಂದ ಮೇಲಕ್ಕೆ ಎಡೆಬಿಡದೆ ತೊಯ್ದ ಭಾಗ ಎಲ್ಲಿ ಮುಗಿಯುತ್ತದೋ ಅದು ಮಟ್ಟ. ಅದರ ಮೇಲಿನ ಹನಿ, ಗೆರೆಗಳು ಲೆಕ್ಕಕ್ಕಿಲ್ಲ. ಹೊಸ ಎಣ್ಣೆ ತಿಳಿಜೇನಿನ ಬಣ್ಣದ್ದಾದ್ದರಿಂದ ಹೊಳೆಯುವ ಲೋಹದ ಮೇಲೆ ಕಾಣುವುದೇ ಇಲ್ಲ. ಬಿಳಿಯ ಕಾಗದದ ಮೇಲೆ ಕಡ್ಡಿಯನ್ನು ಒತ್ತಿದರೆ ತೇವದ ಗುರುತು ಸ್ಪಷ್ಟವಾಗಿ ಮೂಡುತ್ತದೆ. ಮೂರು ಸಲ ಅದ್ದಿ ಮೂರೂ ಒಂದೇ ಆದರೆ ಬರೆದುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕಡ್ಡಿಯೇ ದೋಷಯುಕ್ತವಾಗಿದ್ದರೆ? ಇದನ್ನು ಹೇಳುವಾಗ ನನ್ನ ಇನ್ನೊಬ್ಬ ಶಿಷ್ಯನ ನೆನಪಾಗುತ್ತದೆ. ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುತ್ತಿದ್ದವನು, ಬಲು ಶಿಸ್ತಿನವನು, ಪ್ರತಿದಿನ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ಎಣ್ಣೆ ನೋಡಿಯೇ ಹೊರಡುತ್ತಿದ್ದ. 2012ರ ಒಂದು ರಾತ್ರಿ ಎದೆನೋವಿನ ರೋಗಿಯೊಬ್ಬರನ್ನು ಮಂಗಳೂರಿಗೆ ಕರೆದೊಯ್ಯುತ್ತಿದ್ದಾಗ, ತಲಪಾಡಿ ತಲುಪುವ ಮೊದಲೇ ತಿರುವುಗಳಲ್ಲಿ ಕೆಂಪು ದೀಪ ಮಿನುಗತೊಡಗಿತು. ಬೆಳಿಗ್ಗೆ ಕಡ್ಡಿಯಲ್ಲಿ ಅರ್ಧಕ್ಕಿಂತ ಮೇಲೆ ಎಣ್ಣೆ ಕಂಡಿದ್ದರಿಂದ ವಯರಿನ ದೋಷವಿರಬೇಕೆಂದು ಬಗೆದು ಮುಂದುವರಿದ. ಎರಡು ಮೂರು ಮೈಲು ಹೋಗುವುದರೊಳಗೆ ಎಂಜಿನ್ ಬಡಿಯತೊಡಗಿ ನಿಂತೇಬಿಟ್ಟಿತು. ಹಿಂದಿನಿಂದ ಬಂದ ಒಂದು ಜೀಪಿನವರು ರೋಗಿಯನ್ನು ಹತ್ತಿಸಿಕೊಂಡರು, ಅವರು ಬದುಕಿದರು. ಎಂಜಿನ್ ಉಳಿಯಲಿಲ್ಲ. ಬ್ಯಾಂಕಿನ ಸಾಲ ತೀರದ ಕಾರು ನಾಲ್ಕು ತಿಂಗಳು ಶೆಡ್ಡಿನಲ್ಲಿ ಬಿದ್ದಿತ್ತು.

ಆಮೇಲೆ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಕಡ್ಡಿಯ ಹಿಡಿಕೆಯ ಕೆಳಗಿನ ಪ್ಲಾಸ್ಟಿಕ್ಕಿನ ತಡೆ ಒಡೆದುಹೋಗಿ, ಕಡ್ಡಿ ಇರಬೇಕಾದುದಕ್ಕಿಂತ ಅರ್ಧ ಅಂಗುಲಕ್ಕೂ ಮಿಕ್ಕಿ ಆಳಕ್ಕೆ ಇಳಿಯುತ್ತಿತ್ತು. ಆಳಕ್ಕೆ ಇಳಿದ ಕಡ್ಡಿ ಹೆಚ್ಚು ತೊಯ್ಯುತ್ತದೆ. ಇಲ್ಲದ ಎಣ್ಣೆಯನ್ನು ಇದೆಯೆಂದು ತೋರಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಪೂರ್ತಿ ಕೂರದ ಕಡ್ಡಿ ಇರುವುದನ್ನು ಇಲ್ಲವೆನ್ನುತ್ತದೆ. ಬೇರೆ ಮಾದರಿಯ ಕಡ್ಡಿಯನ್ನು ತಂದು ಹಾಕಿದ್ದರೂ, ಕೊಳವೆ ತನ್ನ ಜಾಗದಿಂದ ಸರಿದಿದ್ದರೂ ಇದೇ ಫಲ. ಹಳೆಯ ಕಾರು ಕೊಂಡವರು ಇದನ್ನು ಅವಶ್ಯವಾಗಿ ಪರೀಕ್ಷಿಸಬೇಕು.

ಕೆಂಪು ದೀಪದ ಬಗ್ಗೆ ಒಂದು ಮಾತು. ಎಣ್ಣೆಯ ಡಬ್ಬಿಯ ಚಿತ್ರವಿರುವ ಆ ದೀಪ ತೋರಿಸುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಮಟ್ಟ ಬಹಳ ಕುಸಿದು ಪಂಪಿನ ಬಾಯಿಗೆ ಎಣ್ಣೆ ಸಿಗದಂತಾದಾಗಲೇ ಅದು ಹೊತ್ತುವುದು. ಮೊದಲು ತಿರುವಿನಲ್ಲಿ, ಬ್ರೇಕು ಹಾಕಿದಾಗ ಮಿನುಗುತ್ತದೆ, ಏಕೆಂದರೆ ಉಳಿದ ಎಣ್ಣೆ ಆಗ ಒಂದು ಬದಿಗೆ ಸರಿಯುತ್ತದೆ. ಆ ದೀಪವೂ ಕಡ್ಡಿಯೂ ಬೇರೆ ಬೇರೆ ಹೇಳಿದರೆ ದೀಪದ ಮಾತನ್ನೇ ಕೇಳಿ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು. ವಾದವಿವಾದ ಆಮೇಲೆ.

ಕಡ್ಡಿಯ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಎಣ್ಣೆ ಬದಲಿಸುವ ದಿನವೇ ತಕ್ಕ ದಿನ. ಬಿಸಿಯಾಗಿರುವಾಗ ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ಫಿಲ್ಟರು ಬದಲಿಸಿ, ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನು ಅಳೆದು ಹೊಯ್ಯಿಸಿರಿ. ಎಂಜಿನ್ನನ್ನು ಒಂದು ನಿಮಿಷ ಓಡಿಸಿರಿ. ಹೊಸ ಫಿಲ್ಟರು ತನ್ನ ಪಾಲಿನ ಎಣ್ಣೆಯನ್ನು ಕುಡಿಯಬೇಕಷ್ಟೆ. ಹತ್ತು ನಿಮಿಷ ಬಿಟ್ಟು ಕಡ್ಡಿಯನ್ನು ನೋಡಿದರೆ ಎಣ್ಣೆ ಮೇಲಿನ ಗುರುತಿನ ಬಳಿ ಇರಬೇಕು. ಇಲ್ಲದಿದ್ದರೆ ಕಡ್ಡಿ ತಪ್ಪು, ಅದನ್ನು ಬದಲಿಸಬೇಕು. ಇನ್ನೂ ನಿಖರತೆ ಬೇಕೆನ್ನುವವರು ಕೊನೆಯ ಒಂದು ಲೀಟರನ್ನು ಕಾಲು ಕಾಲು ಲೀಟರಾಗಿ ಹೊಯ್ಯುತ್ತ ಪ್ರತಿ ಸಲವೂ ಕಡ್ಡಿ ಎಷ್ಟು ಏರುತ್ತದೆಂದು ಬರೆದಿಟ್ಟುಕೊಳ್ಳಬಹುದು. ವರ್ಕ್‌ಶಾಪಿನವರಿಗೆ ಬೇಸರ ಬರುತ್ತದೆ, ಬರಲಿ.

ಇಲ್ಲಿಯವರೆಗೆ ಹೇಳಿದ್ದು ಅಳತೆಯ ದೋಷಗಳು. ಇವನ್ನೆಲ್ಲ ಸರಿಪಡಿಸಿಕೊಂಡ ಮೇಲೆ, ಅಳತೆ ಸರಿಯಾಗಿದ್ದೂ ಅರ್ಥ ತಪ್ಪಾಗುವ ಪ್ರಸಂಗವೊಂದು ನನಗೆ ಎದುರಾಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಅಂಗಳದ ಪಾಠ ಕಲಿತ ಮೇಲೆ ನಾನು ಪ್ರತಿ ಭಾನುವಾರ ಕಾರನ್ನು ನಮ್ಮ ಶಾಲೆಗೆ ತಂದು, ಪ್ರಾರ್ಥನೆಗೆ ಮಕ್ಕಳು ನಿಲ್ಲುವ ಸಿಮೆಂಟಿನ ಅಂಗಳದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಜಗಲಿಯಲ್ಲಿ ಕುಳಿತು, ಆಮೇಲೆ ನೋಡುತ್ತಿದ್ದೆ. ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದು ಆ ಅಂಗಳ ಸಮತಟ್ಟೆಂದು ಖಚಿತಪಡಿಸಿಕೊಂಡಿದ್ದೆ. 2017ರ ಜೂನ್ ಮೊದಲ ವಾರದಲ್ಲಿ ಎಣ್ಣೆ ಎರಡು ಗುರುತುಗಳ ನಡುವೆ ಮುಕ್ಕಾಲು ಭಾಗದಲ್ಲಿತ್ತು. ಮಳೆಗಾಲವಿಡೀ, ಸೆಪ್ಟೆಂಬರಿನ ಮೂರನೆಯ ವಾರದವರೆಗೂ, ಅದು ಮುಕ್ಕಾಲಿನಲ್ಲೇ ನಿಂತಿತು. ನನಗೆ ಬಹಳ ಸಂತೋಷವಾಯಿತು. ಆ ನಾಲ್ಕು ತಿಂಗಳುಗಳಲ್ಲಿ ಕಾರು ಓಡಿದ್ದು ಸುಮಾರು 600 ಕಿಲೋಮೀಟರು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ.

ನವರಾತ್ರಿಗೆ ಮಗಳ ಮನೆಗೆಂದು ಚೆರ್ಕಳ, ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿಯ ದಾರಿಯಾಗಿ ಮೈಸೂರಿಗೆ ಹೋಗಿಬಂದೆವು. ಎರಡೂ ಕಡೆಯ ದಾರಿ ಸೇರಿ ಸುಮಾರು 470 ಕಿಲೋಮೀಟರು. ಬಂದ ಭಾನುವಾರ ಅದೇ ಅಂಗಳದಲ್ಲಿ ನೋಡಿದರೆ ಎಣ್ಣೆ ಮುಕ್ಕಾಲಿನಿಂದ ಕಾಲಿಗೆ ಇಳಿದಿತ್ತು! ಮೂರು ಸಲ ಅದ್ದಿದೆ. ಮೂರು ಸಲವೂ ಕಾಲು. ಅರ್ಧ ಲೀಟರು ಎಣ್ಣೆ ಒಂದು ಪ್ರಯಾಣದಲ್ಲಿ ಮಾಯವಾಗಿತ್ತು. ಅಂದು ನನ್ನ ಶಿಷ್ಯ ಊರಲ್ಲಿರಲಿಲ್ಲ. ಪೇಟೆಯ ಬೇರೊಂದು ವರ್ಕ್‌ಶಾಪಿನಲ್ಲಿ ತೋರಿಸಿದಾಗ, "ರಿಂಗು ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಎಂದರು. ಹೇಳಿದ ಮೊತ್ತ ನನ್ನ ಎರಡು ತಿಂಗಳ ಪಿಂಚಣಿಗೂ ಹೆಚ್ಚು. ಒಪ್ಪಿ ಮುಂಗಡ ಕೊಡುವುದರಲ್ಲಿದ್ದೆ.

ಊರಿಗೆ ಮರಳಿದ ಶಿಷ್ಯ ಈ ಸಲವೂ ಪ್ರಶ್ನೆಯಿಂದಲೇ ಆರಂಭಿಸಿದ. "ಮಾಷ್ಟ್ರೇ, ಹಳೆಯ ಗಾಡಿ ನಾಲ್ಕು ತಿಂಗಳು ಒಂದು ತೊಟ್ಟು ಆಯಿಲ್ ಕುಡಿಯಲಿಲ್ಲ ಅಂದರೆ ನಿಮಗೆ ಸಂಶಯ ಬರಲಿಲ್ಲವಾ?" ಎಂದ. ನಿಜಕ್ಕೂ ಬಂದಿರಲಿಲ್ಲ. ಇಳಿದದ್ದನ್ನು ಕಂಡು ನಾನು ಹೆದರಿದ್ದೆ; ಇಳಿಯದೆ ನಿಂತದ್ದನ್ನು ಕಂಡು ಅವನು ಹೆದರಿದ್ದ.

ಅವನು ವಿವರಿಸಿದ್ದನ್ನೂ ನಾನು ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಹೇಳುತ್ತೇನೆ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು. ಅದರಲ್ಲಿ ಒಂದಂಶ ಆವಿಯಾಗದೆ ಸಿಲಿಂಡರಿನ ತಣ್ಣನೆಯ ಗೋಡೆಗೆ ಅಂಟಿ, ರಿಂಗುಗಳ ಸಂದಿನಿಂದ ಕೆಳಕ್ಕೆ ಜಾರಿ ಎಣ್ಣೆಯಲ್ಲಿ ಬೆರೆಯುತ್ತದೆ. ಅಲ್ಲದೆ ಒಂದು ಲೀಟರು ಪೆಟ್ರೋಲು ಉರಿದಾಗ ಸರಿಸುಮಾರು ಒಂದು ಲೀಟರು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಹೆಚ್ಚಿನದೆಲ್ಲ ಹೊಗೆ ಕೊಳವೆಯಿಂದ ಹೊರಗೆ ಹೋದರೂ ಸ್ವಲ್ಪಾಂಶ ಚೇಂಬರಿಗೆ ನುಸುಳಿ ತಣಿದು ನೀರಾಗುತ್ತದೆ. ಕಾರು ದೂರ ಓಡಿ ಎಣ್ಣೆ ಚೆನ್ನಾಗಿ ಕಾದರೆ ಈ ಪೆಟ್ರೋಲೂ ನೀರೂ ಆವಿಯಾಗಿ ಬ್ರೀದರಿನ ಮೂಲಕ ಎಂಜಿನ್ನಿಗೆ ಹೋಗಿ ಉರಿದುಬಿಡುತ್ತವೆ. ದಿನಕ್ಕೆ ಮೂರು ಮೂರು ಕಿಲೋಮೀಟರಿನ ಓಟದಲ್ಲಿ ಎಣ್ಣೆ ಕಾಯುವುದೇ ಇಲ್ಲ. ಬೆರೆತದ್ದು ಅಲ್ಲಿಯೇ ಕೂಡುತ್ತ ಹೋಗುತ್ತದೆ.

ಈಗ ಲೆಕ್ಕ ಮಾಡಿ ನೋಡಿರಿ. ನನ್ನ ಎಂಜಿನ್ ಸಾವಿರ ಕಿಲೋಮೀಟರಿಗೆ ಹೆಚ್ಚುಕಡಿಮೆ ಅರ್ಧ ಲೀಟರು ಎಣ್ಣೆಯನ್ನು ಸುಡುತ್ತದೆಂದು ಮುಂದೆ ಅಳೆದು ತಿಳಿದೆ. ಹಳೆಯ ಕಾರಿಗೆ ಇದು ಅತಿಯಲ್ಲ. ಕೆಲವು ತಯಾರಕರ ಕೈಪಿಡಿಗಳು ಇದಕ್ಕಿಂತ ಹೆಚ್ಚನ್ನೂ ಸಹಜವೆನ್ನುತ್ತವೆ. ಆ ಪ್ರಕಾರ ಮಳೆಗಾಲದ 600 ಕಿಲೋಮೀಟರಿನಲ್ಲಿ ಕಾಲು ಲೀಟರಿಗಿಂತ ತುಸು ಹೆಚ್ಚು ಎಣ್ಣೆ ಹೋಗಿತ್ತು. ಅಷ್ಟೇ ಪ್ರಮಾಣದ ಪೆಟ್ರೋಲೂ ನೀರೂ ಅದರ ಜಾಗಕ್ಕೆ ಬಂದು ಕುಳಿತಿದ್ದವು. ಕಡ್ಡಿಯ ಗುರುತು ಕದಲಲಿಲ್ಲ. ಮೈಸೂರಿನ ದಾರಿಯಲ್ಲಿ, ಸಂಪಾಜೆ ಘಾಟಿಯ ಏರಿನಲ್ಲಿ ಎಂಜಿನ್ ಕಾದಾಗ ಆ ಬಾಡಿಗೆದಾರರು ಜಾಗ ಖಾಲಿ ಮಾಡಿದರು. ದಾರಿಯ ಖರ್ಚಿನ ಎಣ್ಣೆಯೂ ಸೇರಿ ಅರ್ಧ ಲೀಟರು ಇಳಿಯಿತು. ಕಡ್ಡಿ ಸುಳ್ಳಾಡಿರಲಿಲ್ಲ. ಚೇಂಬರಿನಲ್ಲಿ ದ್ರವ ಎಷ್ಟಿದೆಯೆಂದು ಹೇಳುವುದಷ್ಟೇ ಅದಕ್ಕೆ ಗೊತ್ತು. ಆ ದ್ರವ ಎಣ್ಣೆಯೇ ಹೌದೇ ಎಂದು ಅದು ಹೇಳಲಾರದು. ಪೆಟ್ರೋಲು ಬೆರೆತು ತೆಳುವಾದ ಎಣ್ಣೆಯಲ್ಲಿ ನಾನು ಕುಟುಂಬ ಸಮೇತ ಘಾಟಿ ಹತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ಅಳುಕಾಗುತ್ತದೆ.

ಆದರೆ ನಮ್ಮ ಸೆಕೆಯ ಊರಿನಲ್ಲಿ ಇಷ್ಟೊಂದು ಪೆಟ್ರೋಲು ಬೆರೆಯುವುದೇಕೆ? ಅವನು ಎಂಜಿನ್ ಶುರುಮಾಡಿ ಉಷ್ಣತೆಯ ಮುಳ್ಳನ್ನು ನೋಡುತ್ತ ನಿಂತ. ಕಾಲು ಗಂಟೆಯಾದರೂ ಅದು ನಡುವಿಗೆ ಬರಲಿಲ್ಲ. ಥರ್ಮೋಸ್ಟಾಟಿನ ಮನೆಯನ್ನು ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇರಲಿಲ್ಲ. ನೀರು ಸಾಕಷ್ಟು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಹೋಗಗೊಡದೆ ತಡೆಯುವ ಸಣ್ಣ ಬಾಗಿಲು ಅದು. ನಮ್ಮ ಹವೆಗೆ ಅದು ಬೇಡ, ಇದ್ದರೆ ಎಂಜಿನ್ ಬಿಸಿಯೇರುತ್ತದೆ ಎಂದು ಕಿತ್ತೆಸೆಯುವ ಪದ್ಧತಿ ಅನೇಕ ಮೆಕ್ಯಾನಿಕ್ಕುಗಳಲ್ಲಿದೆ. ನನ್ನ ಕಾರಿನ ಹಿಂದಿನ ಮಾಲಿಕರ ಕಾಲದಲ್ಲಿ ಯಾರೋ ಹಾಗೆ ಮಾಡಿದ್ದರು. ಅದಿಲ್ಲದ ಎಂಜಿನ್ ಸದಾ ತಣ್ಣಗೆ ಓಡುತ್ತದೆ. ಸಾವಿರ ರೂಪಾಯಿಯೊಳಗೆ ಹೊಸದು ಬಂತು. ಎಣ್ಣೆಯನ್ನೂ ಬದಲಿಸಿದೆವು.

ಪೆಟ್ರೋಲಿನ ಬೆರಕೆಯನ್ನು ಮನೆಯಲ್ಲೇ ಗುರುತಿಸಬಹುದು. ಕಡ್ಡಿಯನ್ನು ಮೂಗಿನ ಬಳಿ ಹಿಡಿದರೆ ವಾಸನೆ ತಿಳಿಯುತ್ತದೆ. ಎರಡು ಬೆರಳುಗಳ ನಡುವೆ ಉಜ್ಜಿದರೆ ಜಿಡ್ಡು ಕಡಿಮೆಯಾಗಿರುವುದು ಗೊತ್ತಾಗುತ್ತದೆ. ಹಳೆಯ ಮೇಷ್ಟ್ರ ಮೇಜಿನಲ್ಲಿ ಒತ್ತುಕಾಗದ ಇದ್ದೇ ಇರುತ್ತದೆ. ಅದರ ಮೇಲೆ ಹೊಸ ಎಣ್ಣೆಯ ಒಂದು ಹನಿ, ಕಡ್ಡಿಯ ಒಂದು ಹನಿ ಬಿಟ್ಟಾಗ ಎರಡನೆಯದು ಬೇಗನೆ ಅಗಲಕ್ಕೆ ಹರಡಿದ್ದನ್ನು ಕಂಡೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಸಾಹಸವನ್ನು ಮಾತ್ರ ಯಾರೂ ಮಾಡಕೂಡದು.

ಮಟ್ಟ ನಿಂತಲ್ಲಿಯೇ ನಿಲ್ಲುವುದಲ್ಲ, ವಾರದಿಂದ ವಾರಕ್ಕೆ ಏರುತ್ತಿದ್ದರೆ ಇನ್ನೂ ತಡಮಾಡಬಾರದು. ಪೆಟ್ರೋಲು ಸಿಂಪಡಿಸುವ ಇಂಜೆಕ್ಟರು ಸೋರುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಎಣ್ಣೆಗೆ ಇಳಿಯುತ್ತಿರಬಹುದು. ಆಗ ಎಣ್ಣೆ ಹಾಲು ಬೆರೆತ ಚಹಾದ ಬಣ್ಣ ತಾಳುತ್ತದೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತದೆ. ಆದರೆ ನಮ್ಮಲ್ಲಿಯಂತೆ ತಿಂಗಳುಗಟ್ಟಲೆ ಮಳೆ ಸುರಿಯುವ ಕಡೆ, ಎಣ್ಣೆ ಹೊಯ್ಯುವ ಮುಚ್ಚಳದ ಒಳಬದಿಯಲ್ಲಿ ತುಸು ಬೆಣ್ಣೆಯಂಥ ಕೆನೆ ಕಂಡ ಮಾತ್ರಕ್ಕೆ ಗ್ಯಾಸ್ಕೆಟ್ ಹೋಯಿತೆಂದು ಎದೆಗುಂದಬೇಕಾಗಿಲ್ಲ. ಕಡ್ಡಿಯ ಎಣ್ಣೆ ಶುದ್ಧವಾಗಿದ್ದು ರೇಡಿಯೇಟರಿನ ನೀರು ಇಳಿಯದಿದ್ದರೆ ಅದು ಬರಿಯ ತೇವ. ಒಂದು ದೀರ್ಘ ಓಟದಲ್ಲಿ ಹೋಗುತ್ತದೆ. 2020ರ ಏಪ್ರಿಲಿನಿಂದ ಬಿಎಸ್–6 ನಿಯಮದಂತೆ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರೊಂದಿದೆ. ಅದನ್ನು ಸುಟ್ಟು ಶುಚಿಗೊಳಿಸಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುವಾಗ ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ಪೇಟೆಯೊಳಗೇ ಓಡುವ ಅಂಥ ಕಾರುಗಳಲ್ಲಿ ಮಟ್ಟ ಮೇಲಿನ ಗುರುತನ್ನು ದಾಟುವುದುಂಟು. ಗಲ್ಫಿನಿಂದ ರಜೆಗೆ ಬಂದಾಗ ಮಾತ್ರ ಕಾರು ಹೊರತೆಗೆಯುವ ನಮ್ಮ ಹಳೆ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕಡ್ಡಿಯೇ ಇಲ್ಲದೆ ಪರದೆಯ ಮೇಲೆ ಮಟ್ಟ ತೋರಿಸುವ ಕಾರುಗಳೂ ಬಂದಿವೆ. ಅವುಗಳ ಬಗ್ಗೆ ನನಗೆ ಅಷ್ಟಾಗಿ ಗೌರವವಿಲ್ಲ. ಅವೂ ಸಮತಟ್ಟು ನೆಲವನ್ನೂ ಬಿಸಿ ಎಣ್ಣೆಯನ್ನೂ ಬೇಡುತ್ತವೆ. ಮೂಸಿ ನೋಡಲು ಮಾತ್ರ ಏನೂ ಸಿಗುವುದಿಲ್ಲ.

ಮರುವರ್ಷ, 2018ರ ಮಳೆಗಾಲದಲ್ಲಿ, ಅದೇ ಪೇಟೆಯ ಓಡಾಟ, ಅದೇ ಸುಮಾರು 600 ಕಿಲೋಮೀಟರು. ಎಣ್ಣೆ ಮುಕ್ಕಾಲಿನಿಂದ ನಿಧಾನವಾಗಿ, ವಾರ ವಾರಕ್ಕೂ ಕೂದಲೆಳೆಯಷ್ಟು ಇಳಿಯುತ್ತ, ಸೆಪ್ಟೆಂಬರಿನಲ್ಲಿ ಅರ್ಧಕ್ಕೆ ಬಂತು. ಶಿಷ್ಯನಿಗೆ ನೋಟುಪುಸ್ತಕ ತೋರಿಸಿದೆ. "ಈಗ ಸರಿಯಾಯಿತು ಮಾಷ್ಟ್ರೇ" ಎಂದ. ಕಾಲು ಲೀಟರು ಹೊಯ್ದು ಮತ್ತೆ ಮುಕ್ಕಾಲಿಗೆ ತಂದೆವು. ಎಂಜಿನ್ನನ್ನು ಇದುವರೆಗೆ ಇಳಿಸಬೇಕಾಗಿ ಬಂದಿಲ್ಲ.

ಸುವರ್ಣ ಮಹೋತ್ಸವದ ನಿಮಿತ್ತ ಶಾಲೆಯ ಸಿಮೆಂಟಿನ ಅಂಗಳಕ್ಕೆ ಈಗ ಇಂಟರ್‌ಲಾಕ್ ಹಾಸಿದ್ದಾರೆ. ನೋಡಲು ಅಂದವಾಗಿದೆ. ಮಳೆನೀರು ಹರಿದುಹೋಗಲೆಂದು ಚರಂಡಿಯ ಕಡೆಗೆ ತಕ್ಕಷ್ಟು ಇಳಿಜಾರನ್ನೂ ಕೊಟ್ಟಿದ್ದಾರೆ. ಮಕ್ಕಳ ದೃಷ್ಟಿಯಿಂದ ಅದು ಸರಿಯೇ. ಕೊಳವೆಗೆ ನೀರು ತುಂಬಿಸಿ ಅಳೆದು ನೋಡಿದ್ದೇನೆ. ಧ್ವಜಸ್ತಂಭದಿಂದ ಗ್ರಂಥಾಲಯದ ಮೆಟ್ಟಿಲಿನವರೆಗಿನ ಪಟ್ಟಿ ಮಾತ್ರ ಹಳೆಯ ಮಟ್ಟದಲ್ಲೇ ಉಳಿದಿದೆ. ಮಹೋತ್ಸವದ ದಿನ ಯಾರಿಗಾದರೂ ತಮ್ಮ ಕಾರಿನ ಎಣ್ಣೆಯನ್ನು ನೋಡಬೇಕೆನಿಸಿದರೆ ಅಲ್ಲಿ ನಿಲ್ಲಿಸಬಹುದು. ಒರೆಸುವ ಬಟ್ಟೆ ನನ್ನ ಬಳಿ ಇರುತ್ತದೆ.